ಕಂಬಿ ಎಣಿಸುವ ಕೆಲಸ

ನಾನು ಏನು ಕೆಲಸ ಮಾಡುತ್ತೇನೆಂದು ಯಾರಾದರೂ ಕೇಳಿದರೆ, ನಾನು ಬಾಯಿ ತೆರೆಯುವ ಮೊದಲೇ ನಮ್ಮ ಭಾವ ಉತ್ತರ ಕೊಟ್ಟುಬಿಡುತ್ತಾರೆ. "ಕಂಬಿ ಎಣಿಸ್ತಾನೆ." ಕೇಳಿದವರು ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡುತ್ತಾರೆ. ಯಾವ ಅಪರಾಧಕ್ಕೆ, ಯಾವಾಗ ಬಿಡುಗಡೆಯಾಯಿತು ಎಂದು ಕೇಳುವುದು ಮರ್ಯಾದೆಯಲ್ಲವೆಂದು ಸುಮ್ಮನಾಗುತ್ತಾರೆ. ಅಕ್ಕ ಮಧ್ಯೆ ಬಂದು, ನಾನು ಒಬ್ಬ ಎಂಜಿನಿಯರ್ ಹತ್ತಿರ ಕಂಪ್ಯೂಟರಿನಲ್ಲಿ ಮನೆಗಳ ಚಿತ್ರ ಮಾಡುತ್ತೇನೆಂದೂ, ಅದರಲ್ಲೂ ಮೆಟ್ಟಿಲಿನ ರೇಲಿಂಗ್ ಮಾಡುವುದು ನನ್ನ ಪಾಲಿನ ಕೆಲಸವೆಂದೂ ತಿಳಿಸಿ ಹೇಳುತ್ತಾಳೆ. ಅಷ್ಟು ಕೇಳಿದ ಮೇಲೆ ಅವರ ಮುಖದಲ್ಲಿದ್ದ ಕುತೂಹಲ ಪೂರ್ತಿ ಇಳಿದುಹೋಗುತ್ತದೆ. ಜೈಲಿನಿಂದ ಬಂದವನಾಗಿದ್ದರೆ ಇನ್ನೊಂದು ಲೋಟ ಕಾಫಿಯಾದರೂ ಕೊಡುತ್ತಿದ್ದರೋ ಏನೋ.

ಭಾವನ ಮಾತಿನಲ್ಲಿ ಸುಳ್ಳಿಲ್ಲ. ಎಣಿಸುವುದೇ ನನ್ನ ಕೆಲಸ. ಆದರೆ ಈ ಕೆಲಸಕ್ಕೆ ನಾನು ಬಂದದ್ದರ ಹಿಂದೆ ಇನ್ನೊಂದು ಗುಟ್ಟಿದೆ. ನನಗೆ ಎತ್ತರ ಎಂದರೆ ಭಯ. ಸಣ್ಣಪುಟ್ಟ ಭಯವಲ್ಲ. ಮನೆಯಲ್ಲಿ ಬಲ್ಬು ಹೋದರೆ ಸ್ಟೂಲಿನ ಮೇಲೆ ಹತ್ತುವವಳು ಅಕ್ಕ. ಕೆಳಗೆ ಸ್ಟೂಲು ಹಿಡಿದುಕೊಂಡು ಕಣ್ಣು ಮುಚ್ಚುವವನು ನಾನು. ಚಿಕ್ಕಂದಿನಲ್ಲಿ ಎಲ್ಲಿಂದಲಾದರೂ ಬಿದ್ದಿದ್ದೆಯಾ ಎಂದು ಡಾಕ್ಟರೊಬ್ಬರು ಕೇಳಿದ್ದರು. ಬಿದ್ದಿಲ್ಲ. ಬೀಳುವಷ್ಟು ಎತ್ತರಕ್ಕೆ ಹೋಗಿದ್ದರೆ ತಾನೆ ಬೀಳುವುದು.

ಇಂಥವನು ಮೆಟ್ಟಿಲಿನ ಕಂಬಿ ಮಾಡುವ ಕೆಲಸಕ್ಕೆ ಬಿದ್ದದ್ದು ಎಂಜಿನಿಯರ್ ಪಾಲಿಗೆ ಅದೃಷ್ಟ. ಬೇರೆಯವರು ಮೆಟ್ಟಿಲು ನೋಡಿದಾಗ ಮೇಲಿನ ಕೋಣೆ ನೆನೆಯುತ್ತಾರೆ. ನಾನು ನೋಡಿದರೆ ಅದರಿಂದ ಎಲ್ಲೆಲ್ಲಿ ಉರುಳಬಹುದು ಎನ್ನುವುದು ಥಟ್ಟನೆ ಕಾಣುತ್ತದೆ. ಹಾಗಾಗಿ ನನ್ನ ರೇಲಿಂಗುಗಳು ಎಲ್ಲರದಕ್ಕಿಂತ ಎತ್ತರ, ಕಂಬಿಗಳು ಎಲ್ಲರದಕ್ಕಿಂತ ಒತ್ತೊತ್ತು. ಒಬ್ಬ ಮನೆಯೊಡತಿ ಪರದೆಯ ಮೇಲೆ ನನ್ನ ಚಿತ್ರ ನೋಡಿ, ಒಳಗೆ ಯಾವ ಪ್ರಾಣಿ ಸಾಕುವ ಯೋಚನೆ ಇದೆ ಎಂದು ಕೇಳಿದ್ದರು. ಎಂಜಿನಿಯರ್ ನಕ್ಕು ತೇಲಿಸಿದರು. ಅವರು ನನ್ನನ್ನು ಸಹಿಸಿಕೊಂಡಿದ್ದಕ್ಕೆ ಕಾರಣ, ಆ ಸಾಫ್ಟ್‌ವೇರಿನಲ್ಲಿ ರೇಲಿಂಗ್ ಕೂರಿಸುವ ತಾಳ್ಮೆ ಆಫೀಸಿನಲ್ಲಿ ಬೇರೆ ಯಾರಿಗೂ ಇರಲಿಲ್ಲ.

ಆ ಸಾಫ್ಟ್‌ವೇರ್ ಬಗ್ಗೆ ನಾಲ್ಕು ಮಾತು ಹೇಳಬೇಕು. ಗೋಡೆ ಎಳೆದರೆ ಗೋಡೆ ಬರುತ್ತದೆ. ಬಾಗಿಲು ತಂದು ಗೋಡೆಯ ಮೇಲಿಟ್ಟರೆ ಗೋಡೆ ತಾನಾಗಿಯೇ ಜಾಗ ಬಿಡುತ್ತದೆ. ಸೋಫಾ, ಮಂಚ, ಮೀನಿನ ತೊಟ್ಟಿ ಎಲ್ಲವೂ ಕರೆದ ಕಡೆ ಬಂದು ಕೂರುತ್ತವೆ. ಮೆಟ್ಟಿಲೂ ಒಳ್ಳೆಯದೇ. ಆದರೆ ರೇಲಿಂಗಿಗೆ ಮಾತ್ರ ನನ್ನನ್ನು ಕಂಡರಾಗದು. ನೇರವಾಗಿ ಇಳಿಯುವಾಗ ಸಾಧುವಾಗಿರುತ್ತದೆ, ತಿರುವು ಬಂದ ಕೂಡಲೇ ಹುಚ್ಚು ಕೆರಳುತ್ತದೆ. ಒಮ್ಮೆ ಆಳೆತ್ತರ ನೆಗೆಯುತ್ತದೆ, ಒಮ್ಮೆ ಗೋಡೆಯೊಳಗೆ ಹೊಕ್ಕು ಆಚೆಯ ಬಚ್ಚಲಲ್ಲಿ ಏಳುತ್ತದೆ. ಕೆಲವು ಕಂಬಿಗಳು ಮೇಲೂ ಕೆಳಗೂ ಏನೂ ಅಂಟದೆ ಗಾಳಿಯಲ್ಲಿ ನಿಂತಿರುತ್ತವೆ. ಅವುಗಳನ್ನು ಒಂದೊಂದಾಗಿ ಹಿಡಿದು ಇಳಿಸುವುದರಲ್ಲಿ ನನ್ನ ಯೌವನ ಕಳೆಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನೀವು ಅನ್ನಬಹುದು. ಅಕ್ಕನೂ ಅದನ್ನೇ ಅನ್ನುತ್ತಿದ್ದಳು.

ನನಗೆ ನಲವತ್ತು ದಾಟಿದ ಮೇಲೆ, ಮದುವೆಯ ಮಾತನ್ನು ಅಕ್ಕ ಹೆಚ್ಚುಕಡಿಮೆ ಕೈಬಿಟ್ಟ ಕಾಲದಲ್ಲಿ, ಒಬ್ಬ ತಂದೆ ಮತ್ತು ಮಗಳು ನಮ್ಮ ಆಫೀಸಿಗೆ ಬಂದರು. ಮಗಳು ಲಾಂಡ್ರಿ ನಡೆಸುತ್ತಿದ್ದಳು. ತಂದೆ ಬಸ್ಸು ಓಡಿಸಿ ನಿವೃತ್ತರಾದವರು. ವಯಸ್ಸು ಎಪ್ಪತ್ತರ ಹತ್ತಿರವಾದರೂ ಇಡೀ ಬೀದಿಗೆ ಡ್ರೈವರಣ್ಣ. ಕೆಳಗೆ ಲಾಂಡ್ರಿ, ಮೇಲೆ ವಾಸ, ಹಾಗೊಂದು ಮನೆ ಕಟ್ಟಿಸಬೇಕೆಂದು ಬಂದಿದ್ದರು. ಡ್ರೈವರಣ್ಣನ ಕಣ್ಣಿನ ದೃಷ್ಟಿ ಹೋಗುತ್ತಾ ಬಂದಿತ್ತು. ಬೆಳಕೂ ನೆರಳೂ ಬೇರೆ ಬೇರೆ ಎಂದು ತಿಳಿಯುವಷ್ಟು ಉಳಿದಿತ್ತು. ಅದೂ ಎಷ್ಟು ದಿನವೋ ಗೊತ್ತಿಲ್ಲವೆಂದು ಡಾಕ್ಟರು ಹೇಳಿದ್ದರಂತೆ. ಡ್ರೈವರಣ್ಣ ಇದನ್ನು ಹೇಳಿದ ಧಾಟಿ ಹೇಗಿತ್ತೆಂದರೆ, ಯಾವುದೋ ಬಸ್ಸಿನ ದೀಪ ಕೆಟ್ಟಿದೆ, ಡಿಪೋದಲ್ಲಿ ಬೇರೆ ಸಿಗುತ್ತಿಲ್ಲ ಎಂಬ ಹಾಗೆ.

ಮಗಳು ಅಂಗಡಿಯ ಅಳತೆ, ನೀರಿನ ಪೈಪು, ಇಸ್ತ್ರಿ ಮೇಜಿನ ಜಾಗ ಎಲ್ಲವನ್ನೂ ಎಂಜಿನಿಯರ್ ಜೊತೆ ಮಾತಾಡುತ್ತಿದ್ದಳು. ಡ್ರೈವರಣ್ಣ ನನ್ನ ಮೇಜಿನ ಅಂಚನ್ನು ಕೈಯಿಂದ ಸವರಿಕೊಂಡು ಬಂದು ನನ್ನ ಪಕ್ಕ ಕೂತರು.

"ಮೆಟ್ಲು ಮಾಡೋರು ನೀವೇನಾ?"

"ಮೆಟ್ಲಿನ ಕಂಬಿ ಮಾಡ್ತೀನಿ."

"ನಂಗೆ ಬೇಕಾಗಿರೋದೂ ಅದೇ. ಕೆಳಗೆ ಹಿಡ್ಕೊಂಡ್ರೆ ಮೇಲೆ ಹೋಗೋ ತನಕ ಕೈ ಎಲ್ಲೂ ಬಿಡಬಾರದು. ಅಷ್ಟು ಮಾಡಿ. ಚೆಂದ ಇಲ್ದೆ ಇದ್ರೂ ಪರವಾಗಿಲ್ಲ, ನಂಗೇನು ಕಾಣುತ್ತಾ?"

ನಾನು ಎದೆ ತಟ್ಟಿಕೊಳ್ಳುವುದೊಂದು ಬಾಕಿ. ನೀವು ಚಿಂತೆ ಬಿಡಿ, ನನ್ನ ರೇಲಿಂಗ್ ಹಿಡಿದವರು ಬಿದ್ದ ದಾಖಲೆಯೇ ಇಲ್ಲ ಎಂದೆ. ದಾಖಲೆ ಇಡುವವರು ಯಾರೂ ಇರಲಿಲ್ಲವೆಂಬುದನ್ನು ಹೇಳಲಿಲ್ಲ.

ಆ ಮನೆಯ ಮೆಟ್ಟಿಲು ಗೋಡೆಗೆ ಒತ್ತಿಕೊಂಡು ಏರಿ, ಅರ್ಧದಲ್ಲಿ ಒಂದು ಅಗಲವಾದ ಕಟ್ಟೆಯ ಹತ್ತಿರ ತಿರುಗಿ, ಮತ್ತೆ ಏರುತ್ತಿತ್ತು. ನಡುವೆ ಬೆಳಕಿಗೆಂದು ತೆರೆದ ಜಾಗ ಬಿಟ್ಟಿದ್ದರು. ರೇಲಿಂಗ್ ಆ ತೆರೆದ ಜಾಗದ ಸುತ್ತ ಹಾವಿನಂತೆ ಸುತ್ತಿಕೊಂಡು ಹೋಗಬೇಕಿತ್ತು. ಸಾಫ್ಟ್‌ವೇರ್ ಕೆಳಗಿನ ಮೆಟ್ಟಿಲಿಗೆ ಚೆನ್ನಾಗಿ ಹಾಕಿತು, ಮೇಲಿನ ಮೆಟ್ಟಿಲಿಗೂ ಹಾಕಿತು. ಮಧ್ಯದ ಕಟ್ಟೆಯ ಅಂಚನ್ನು ಮಾತ್ರ ಬರಿದಾಗಿ ಬಿಟ್ಟಿತು. ನಾನು ಅಳಿಸಿ ಹಾಕಿದೆ, ಹಾಕಿ ಅಳಿಸಿದೆ. ಅಷ್ಟರಲ್ಲಿ ಎಂಜಿನಿಯರ್ ಬಂದು, ಗಿರಾಕಿ ಬರುವ ಹೊತ್ತಾಯಿತು, ಚಿತ್ರ ತೋರಿಸಬೇಕು ಎಂದರು. ಸಾಫ್ಟ್‌ವೇರಿನಲ್ಲಿ ಹೂಕುಂಡಗಳು ಬೇಕಾದಷ್ಟು ಸಿಗುತ್ತವೆ. ದೊಡ್ಡ ಎಲೆಯ ಗಿಡವಿದ್ದ ಒಂದು ಕುಂಡವನ್ನು ತಂದು ಆ ಬರಿ ಅಂಚಿಗೆ ಅಡ್ಡ ಇಟ್ಟೆ. ನೋಟವನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿದೆ. ಈಗ ರೇಲಿಂಗ್ ಗಿಡದ ಹಿಂದೆ ಹೋಗಿ ಈಚೆ ಬಂದ ಹಾಗೆ ಕಾಣುತ್ತಿತ್ತು. ಮೇಲೆ ಥಳುಕು, ಒಳಗೆ ಹುಳುಕು. ಮಗಳು ಚಿತ್ರ ನೋಡಿ ಆ ಗಿಡ ಬಹಳ ಚೆನ್ನಾಗಿದೆ ಎಂದಳು. ನಾನು ಹಿಗ್ಗಿದೆ. ಆಮೇಲೆ ಸರಿಮಾಡಿದರಾಯಿತು ಎಂದುಕೊಂಡೆ. ನಮ್ಮ ಮನೆಯಲ್ಲಿ ನಲ್ಲಿ ಸೋರುವುದೂ, ಗಡಿಯಾರ ನಿಂತಿರುವುದೂ ಈ 'ಆಮೇಲೆ'ಯಿಂದಲೇ.

ಮರೆತೆ. ಬೇರೆ ಮನೆಗಳು ಬಂದವು, ಬೇರೆ ಕಂಬಿಗಳು ಗಾಳಿಯಲ್ಲಿ ತೇಲಿದವು. ನಕ್ಷೆ ವೆಲ್ಡರ್ ಕೈಗೆ ಹೋಯಿತು.

ವೆಲ್ಡರ್ ಒಳ್ಳೆಯ ಮನುಷ್ಯ, ಆದರೆ ನಕ್ಷೆ ಎಂದರೆ ಅವನಿಗೆ ವೇದವಾಕ್ಯ. ಗೆರೆ ಇದ್ದ ಕಡೆ ಕಬ್ಬಿಣ ಇಡುತ್ತಾನೆ, ಗೆರೆ ಇಲ್ಲದ ಕಡೆ ಇಡುವುದಿಲ್ಲ. ರೇಲಿಂಗ್ ಕೂರಿಸಿದ ದಿನ ಎಂಜಿನಿಯರ್ ಬೇರೆ ಊರಿಗೆ ಹೋಗಿದ್ದರಿಂದ ನೋಡಿ ಬರಲು ನನ್ನನ್ನು ಕಳಿಸಿದರು. ಕಟ್ಟಡದ ಹತ್ತಿರ ಹೋದರೆ ನಾನು ಮಾಡುವುದು ಇಷ್ಟೇ. ಕೆಳಗೆ ನಿಂತು, ಕತ್ತು ಎತ್ತಿ, ಮೊಬೈಲಿನಲ್ಲಿ ಫೋಟೊ ಹಿಗ್ಗಿಸಿ ಹಿಗ್ಗಿಸಿ ತೆಗೆಯುವುದು. ಆ ದಿನವೂ ಹಾಗೇ ನಿಂತಿದ್ದೆ. ಸಿಮೆಂಟಿನ ವಾಸನೆ, ಸುಟ್ಟ ಕಬ್ಬಿಣದ ವಾಸನೆ. ವೆಲ್ಡರ್ ಚಹಾ ಕುಡಿಯಲು ಹೋಗಿದ್ದ. ಮಗಳು ಹೊರಗೆ ಬಣ್ಣದವನ ಜೊತೆ ಮಾತಾಡುತ್ತಿದ್ದಳು. ಡ್ರೈವರಣ್ಣ ನನ್ನ ಹಿಂದೆ ಇದ್ದಾರೆ ಎಂದುಕೊಂಡಿದ್ದೆ. ಮೊಬೈಲಿನ ಪರದೆಯೊಳಗೆ ನೋಡುತ್ತಿದ್ದಂತೆ ಅವರು ಆ ಪರದೆಯಲ್ಲೇ ಕಾಣಿಸಿದರು. ಕಂಬಿ ಹಿಡಿದು ಖುಷಿಯಾಗಿ ಮೆಟ್ಟಿಲು ಏರುತ್ತಿದ್ದರು.

ಆಗ ನನಗೆ ಹೂಕುಂಡ ನೆನಪಾಯಿತು.

ಕೂಗಿದರೆ ಗಾಬರಿಯಾಗಿ ತಿರುಗುತ್ತಾರೆ, ತಿರುಗಿದರೆ ಬೀಳುತ್ತಾರೆ ಎಂದು ಕೂಗಲಿಲ್ಲ ಎಂದು ನಾನು ಈಗ ಹೇಳುತ್ತೇನೆ. ನಿಜ ಏನೆಂದರೆ ಕೂಗಬೇಕೆಂಬುದೇ ಹೊಳೆಯಲಿಲ್ಲ. ಕಾಲು ಮಾತ್ರ ನನ್ನನ್ನು ಕೇಳದೆ ಓಡಿತು. ಡ್ರೈವರಣ್ಣ ಕಟ್ಟೆ ತಲುಪಿದ್ದರು. ಕಂಬಿ ಮುಗಿದಿತ್ತು. ಅವರ ಕೈ ಮುಂದಕ್ಕೆ ಚಾಚಿ ಖಾಲಿ ಗಾಳಿಯನ್ನು ಸವರುತ್ತಿತ್ತು. ಅವರು ನಿಂತರು. ಮುಂದಿನ ಹೆಜ್ಜೆಗೆ ಒಂದು ಕಾಲು ಎತ್ತಿದ್ದರು, ಅದನ್ನು ಹಾಗೇ ಹಿಂದಕ್ಕೆ ಇಟ್ಟರು. ನಾನು ಹಿಂದಿನಿಂದ ಹೋಗಿ ಅವರ ಮುಂಗೈಯನ್ನು ಎರಡೂ ಕೈಯಿಂದ ಗಬಕ್ಕನೆ ಹಿಡಿದೆ.

ಇಲ್ಲಿಗೆ ಕಥೆ ನಿಂತಿದ್ದರೆ ನಾನು ವೀರ. ಆದರೆ ಹಿಡಿದ ಮೇಲೆ ನಾನು ಕೆಳಗೆ ನೋಡಿದೆ. ತೆರೆದ ಜಾಗದ ತಳದಲ್ಲಿ, ಓಡುವಾಗ ಕಾಲಿನಿಂದ ಜಾರಿದ ನನ್ನ ಚಪ್ಪಲಿಯೊಂದು ಬಿದ್ದಿತ್ತು. ಅದು ಎಷ್ಟು ದೂರ ಕಂಡಿತೆಂದರೆ ಬೇರೆ ಯಾರದೋ ಚಪ್ಪಲಿಯ ಹಾಗೆ. ನಾನು ಕಟ್ಟೆಯ ಮೇಲೆ ಕುಸಿದು ಕೂತೆ. ಕೈ ಬಿಡದ್ದರಿಂದ ಡ್ರೈವರಣ್ಣನೂ ನನ್ನ ಜೊತೆ ಕೂರಬೇಕಾಯಿತು.

"ಬ್ರೇಕ್ ಸರಿಯಾಗೇ ಹಾಕಿದ್ದೆ ಕಣ್ರೀ," ಎಂದರು ಅವರು. "ನೀವು ಯಾಕೆ ನಡುಗ್ತಿದ್ದೀರಿ?"

ನನಗೆ ಎತ್ತರ ಆಗುವುದಿಲ್ಲವೆಂದೂ, ಇಳಿಯಲು ನನ್ನಿಂದ ಸಾಧ್ಯವಿಲ್ಲವೆಂದೂ ಹೇಗೋ ಹೇಳಿದೆ. ಅವರು, ಕಾಣದವನನ್ನು ಹಿಡಿಯಲು ಇಳಿಯಲಾರದವನು ಬಂದಿದ್ದಾನೆ ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಬಸ್ಸು ಕೆಟ್ಟಾಗ ಪ್ರಯಾಣಿಕರಿಗೆ ಹೇಳುವ ದನಿಯಲ್ಲಿ ಹೇಳಿದರು, "ಕಣ್ಣು ಮುಚ್ಚಿ. ನಂಗೆ ಹೇಗೂ ಕಾಣಲ್ಲ, ನಿಮಗೂ ಕಾಣೋದು ಬೇಡ. ಕೂತ್ಕೊಂಡೇ ಇಳಿಯೋಣ. ಅವಸರ ಏನಿಲ್ಲ, ನ್ಯೂಟ್ರಲ್‌ನಲ್ಲಿ ಹೋಗೋಣ."

ಹಾಗೆ ಇಳಿದೆವು. ಕುಂಡೆಯ ಮೇಲೆ, ಒಂದೊಂದೇ ಮೆಟ್ಟಿಲು, ಅವರು ಮುಂದೆ, ನಾನು ಅವರ ಕೈ ಹಿಡಿದು ಹಿಂದೆ. ಪ್ರತಿ ಮೆಟ್ಟಿಲಿಗೂ ಅವರು 'ಹ್ಞೂಂ' ಎನ್ನುತ್ತಿದ್ದರು, ನಾನೂ 'ಹ್ಞೂಂ' ಎನ್ನುತ್ತಿದ್ದೆ. ಅಷ್ಟರಲ್ಲಿ ಹೊರಗಿನವರೆಲ್ಲ ಒಳಗೆ ಬಂದಿದ್ದರು. ಕಣ್ಣು ಬಿಟ್ಟಾಗ ನನ್ನ ಮುಂದೆ ಮಗಳು, ಬಣ್ಣದವನು, ಚಹಾದ ಲೋಟ ಹಿಡಿದ ವೆಲ್ಡರ್. ಇಬ್ಬರು ಗಂಡಸರು ಮಕ್ಕಳ ಹಾಗೆ ಜಾರಿಕೊಂಡು ಇಳಿದದ್ದನ್ನು ನೋಡಿ ಬಣ್ಣದವನು ಮುಖ ಆಚೆ ತಿರುಗಿಸಿ ನಗುತ್ತಿದ್ದ. ಮಗಳು ನಗಲಿಲ್ಲ. ಮೇಲೆ ಕಟ್ಟೆಯ ಬರಿ ಅಂಚನ್ನು ನೋಡಿದಳು, ಅಪ್ಪನ ಕೈ ನೋಡಿದಳು. ಅಲ್ಲಿ ಯಾಕೆ ಕಂಬಿ ಹಾಕಿಲ್ಲವೆಂದು ವೆಲ್ಡರನ್ನು ಕೇಳಿದಳು. ನಕ್ಷೆಯಲ್ಲಿ ಇರಲಿಲ್ಲ, ಅಲ್ಲೊಂದು ಹೂಕುಂಡ ಇತ್ತು, ಅದನ್ನು ನೀವೇ ತರುತ್ತೀರಿ ಅಂದುಕೊಂಡೆ ಎಂದ ಅವನು.

ಆಮೇಲೆ ಅವಳು ನನ್ನ ಕಡೆ ತಿರುಗಿದಳು.

"ಗಿಡ ನಾನೇ ಮೆಚ್ಚಿದ್ದೆ ಅಲ್ವಾ," ಎಂದಳು.

ಬೈದಿದ್ದರೆ ಒಳ್ಳೆಯದಿತ್ತು. ಬೈಗುಳ ಎಂಜಿನಿಯರ್ ಕಡೆಯಿಂದ ಬಂತು, ಧಾರಾಳವಾಗಿಯೇ ಬಂತು. ಅದಕ್ಕೆ ನಾನು ಅರ್ಹನಾಗಿದ್ದೆ. ಹಾಕಿದ ರೇಲಿಂಗನ್ನು ಪೂರ್ತಿ ಕತ್ತರಿಸಿ ತೆಗೆಸಿ, ಮೊದಲಿನಿಂದ ಸರಿಯಾಗಿ ಮಾಡುತ್ತೇನೆಂದು ಒಪ್ಪಿಕೊಂಡೆ.

ಈ ಸಲ ಸಾಫ್ಟ್‌ವೇರ್ ತಾನಾಗಿ ಕೊಡುವ ರೇಲಿಂಗನ್ನು ನಂಬಲಿಲ್ಲ. ತುಂಡು ತುಂಡಾಗಿ ನಾನೇ ಎಳೆದೆ. ಇಳಿಜಾರಿನ ತುಂಡು, ತಿರುವಿನ ತುಂಡು, ಕಟ್ಟೆಯ ತುಂಡು, ಒಂದಕ್ಕೊಂದು ಬಾಗಿಸಿ ಕೂಡಿಸಿದೆ. ಮುಗಿದ ಮೇಲೆ ಬೆಳಕು ಬಿಟ್ಟು, ನೆರಳು ಹಾಕಿ, ಬಹಳ ಅಂದವಾದ ಚಿತ್ರ ಮಾಡಿ, ಲ್ಯಾಪ್‌ಟಾಪ್ ಎತ್ತಿಕೊಂಡು ಅವರ ಹಳೆ ಲಾಂಡ್ರಿಗೆ ಹೋದೆ. ಇಕ್ಕಟ್ಟಾದ ಅಂಗಡಿ, ಉಗಿ ತುಂಬಿತ್ತು. ತಲೆಯ ಮೇಲೆ ಸಾಲುಸಾಲಾಗಿ ಜೋತುಬಿದ್ದ ಅಂಗಿಗಳು. ಡ್ರೈವರಣ್ಣ ಮೂಲೆಯಲ್ಲಿ ಕೂತು, ಕೈಯ ಅಂದಾಜಿನಲ್ಲೇ ಕಾಲುಚೀಲಗಳನ್ನು ಜೊತೆ ಮಾಡುತ್ತಿದ್ದರು. ನಾನು ಲ್ಯಾಪ್‌ಟಾಪ್ ತೆರೆದು ಅವರ ಮುಂದೆ ಹಿಡಿದೆ.

ಮಗಳು ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿ, "ಅವರಿಗೆ ಏನು ತೋರಿಸ್ತಿದ್ದೀರಿ?" ಎಂದು ಕೇಳಿದಳು.

ಕುರುಡರ ಮುಂದೆ ಕನ್ನಡಿ ಹಿಡಿಯುವ ಮಾತನ್ನು ನಾನು ಕೇಳಿದ್ದೆ, ಸ್ವತಃ ಹಿಡಿದು ನಿಂತದ್ದು ಅದೇ ಮೊದಲು. ಲ್ಯಾಪ್‌ಟಾಪ್ ಮುಚ್ಚಬೇಕೋ ತೆರೆದೇ ಇರಬೇಕೋ ತಿಳಿಯಲಿಲ್ಲ. ಡ್ರೈವರಣ್ಣ ಮಾತ್ರ, ಚೆನ್ನಾಗಿದೆಯಾ ಎಂದು ನನ್ನನ್ನೇ ಕೇಳಿದರು.

ಅವಳು ಅಂಗಿ ತೂಗುಹಾಕುವ ತಂತಿಯ ಹ್ಯಾಂಗರೊಂದನ್ನು ತೆಗೆದು ಇಕ್ಕಳದಿಂದ ನೆಟ್ಟಗೆ ಮಾಡಿದಳು. ನನ್ನ ಚಿತ್ರ ನೋಡಿಕೊಂಡು ಅದೇ ಏರು, ಅದೇ ತಿರುವು ಬರುವಂತೆ ತಂತಿಯನ್ನು ಬಗ್ಗಿಸತೊಡಗಿದಳು. ಎಲ್ಲಿ ಎಷ್ಟು ಬಾಗಬೇಕೆಂದು ನಾನು ಹೇಳುತ್ತಾ ಹೋದೆ. ಅದನ್ನು ಅಪ್ಪನ ಕೈಗೆ ಕೊಟ್ಟಾಗ ಅವರು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ತಂತಿಯನ್ನು ಹಿಡಿದು ಕೆಳಗಿಂದ ಮೇಲಕ್ಕೆ ಸವರಿದರು. ತಿರುವಿನ ಹತ್ತಿರ ಬೆರಳು ನಿಂತಿತು. ಇಲ್ಲಿ ರಸ್ತೆ ಉಬ್ಬಿದೆ ಎಂದರು. ನಾನು ಚಿತ್ರ ನೋಡಿದೆ. ಹೌದು, ನನ್ನ ಎರಡು ತುಂಡುಗಳು ಕೂಡುವ ಜಾಗದಲ್ಲಿ ಕಂಬಿ ಗೇಣುದ್ದ ಮೇಲೆದ್ದಿತ್ತು. ಅಂದವಾಗಿ ಕಾಣಲೆಂದು ನಾನೇ ಎಬ್ಬಿಸಿದ್ದೆ.

ಹೀಗೆ ಶುರುವಾಯಿತು. ನಾನು ಆಫೀಸಿನಲ್ಲಿ ತಿದ್ದುವುದು, ಲಾಂಡ್ರಿಗೆ ಹೋಗುವುದು, ಅವಳು ಹೊಸ ತಂತಿ ಬಗ್ಗಿಸುವುದು, ಡ್ರೈವರಣ್ಣ ಬೆರಳಲ್ಲಿ ಓಡಿಸಿ ನೋಡುವುದು. ಕಂಬಿ ಎಷ್ಟು ದಪ್ಪ ಇರಬೇಕೆಂಬ ಮಾತು ಬಂದಾಗ ಅವರು ಹಳೆ ಬಸ್ಸಿನ ಸ್ಟೇರಿಂಗ್ ಹಿಡಿದಂತೆ ಕೈ ಮಾಡಿ ತೋರಿಸಿದರು. ನಾನು ಆ ಕೈಯೊಳಗಿನ ಖಾಲಿ ಜಾಗಕ್ಕೆ ಅಳತೆ ಪಟ್ಟಿ ಇಟ್ಟೆ. ಮೆಟ್ಟಿಲು ಮುಗಿದದ್ದು ಕೈಗೆ ಗೊತ್ತಾಗಲೆಂದು ತುದಿಯಲ್ಲಿ ಕಂಬಿಯನ್ನು ಗೋಡೆಯ ಕಡೆಗೆ ತಿರುಗಿಸೋಣವೆಂದು ನಾನೇ ಹೇಳಿದೆ. ಆ ಯೋಚನೆ ನನಗೆ ಹೊಳೆದದ್ದಕ್ಕೆ ನನಗೇ ಆಶ್ಚರ್ಯವಾಯಿತು. ಕೊನೆಗೊಂದು ದಿನ ಬೆರಳು ಎಲ್ಲೂ ನಿಲ್ಲದೆ ತುದಿ ಮುಟ್ಟಿತು. ವೆಲ್ಡರ್ ಆ ತಂತಿಯನ್ನೂ ನಕ್ಷೆಯ ಜೊತೆಗಿಟ್ಟುಕೊಂಡು ಕೆಲಸ ಮಾಡಿದ. ರೇಲಿಂಗ್ ಕೂತ ದಿನ ಡ್ರೈವರಣ್ಣ ಹತ್ತಿ ಇಳಿದು, ಮತ್ತೆ ಹತ್ತಿ ಇಳಿದು, ಸಾಕು ಅಪ್ಪ ಎಂದು ಮಗಳು ಗದರುವ ತನಕ ನಿಲ್ಲಿಸಲಿಲ್ಲ. ನಾನು ಕೆಳಗೆ ನಿಂತು ನೋಡಿದೆ. ಫೋಟೊ ತೆಗೆಯಲು ಮರೆತೆ.

ಕೆಲಸ ಮುಗಿದ ಮೇಲೆ ಲಾಂಡ್ರಿಗೆ ಹೋಗಲು ನನಗೆ ಕಾರಣವಿರಲಿಲ್ಲ. ಹಾಗಾಗಿ ಬಟ್ಟೆ ಕೊಡತೊಡಗಿದೆ. ಮೊದಲು ಕೊಳೆ ಬಟ್ಟೆ ಕೊಟ್ಟೆ. ಅದು ಮುಗಿದ ಮೇಲೆ ಒಗೆದ ಬಟ್ಟೆ ಕೊಟ್ಟೆ. ಅಕ್ಕ ಮಡಿಸಿಟ್ಟ ಅಂಗಿ ಬೀರುವಿನಿಂದ ಮಾಯವಾಗಿ ಎರಡು ದಿನದ ಮೇಲೆ ಇನ್ನೂ ಚೆನ್ನಾಗಿ ಮಡಿಸಿಕೊಂಡು ಬರುತ್ತಿತ್ತು. ತನ್ನ ಒಗೆತದಲ್ಲಿ ಏನು ಕೊರತೆ ಕಂಡಿತು ಎಂದು ಅಕ್ಕ ಕೇಳಿದಳು. ಭಾವ ಪೇಪರಿನಿಂದ ತಲೆ ಎತ್ತದೆ, ಬಟ್ಟೆಯಲ್ಲಲ್ಲ, ಹುಡುಗನಲ್ಲೇ ಏನೋ ಕಲೆ ಬಿದ್ದಿದೆ ಎಂದರು. ನಲವತ್ತು ದಾಟಿದವನನ್ನು ಹುಡುಗ ಎಂದದ್ದಕ್ಕೆ ಖುಷಿಪಡಬೇಕೋ ಬೇಡವೋ ತಿಳಿಯಲಿಲ್ಲ.

ಒಂದು ಮಧ್ಯಾಹ್ನ, ಶುಭ್ರವಾಗಿದ್ದ ಅಂಗಿಯ ಮೇಲೆ ನಾನೇ ಪೆನ್ನಿನಿಂದ ಶಾಯಿ ಹಾಕಿ ತೆಗೆದುಕೊಂಡು ಹೋದೆ. ಅವಳು ಅಂಗಿಯ ಮಡಿಕೆ ಬಿಚ್ಚಿ ಬೆಳಕಿಗೆ ಹಿಡಿದಳು. ಹಿಂದೆ ತಿರುಗಿಸಿ ನೋಡಿದಳು. ಮೇಜಿನ ಮೇಲೆ ಹಾಸಿ ಕಲೆಯ ಮೇಲೆ ಬೆರಳಿಟ್ಟಳು.

"ಇದು ಬಿದ್ದ ಕಲೆ ಅಲ್ಲ, ಹಾಕಿದ ಕಲೆ," ಎಂದಳು. "ಬಿದ್ದಿದ್ರೆ ಇಷ್ಟು ಗುಂಡಗೆ ಇರ್ತಿರಲಿಲ್ಲ. ಒಳ್ಳೆ ಅಂಗಿ ಯಾಕೆ ಹಾಳು ಮಾಡ್ಕೋತೀರಿ? ಬರೋದಾದ್ರೆ ಸುಮ್ನೆ ಬನ್ನಿ."

ಮೂಲೆಯಲ್ಲಿ ಡ್ರೈವರಣ್ಣ ಕಾಲುಚೀಲ ಜೊತೆ ಮಾಡುವುದನ್ನು ನಿಲ್ಲಿಸಿದ್ದರು. ನಾನು, ಸರಿ ಎಂದೆ. ಆ ಕ್ಷಣಕ್ಕೆಂದು ಅದೆಷ್ಟೋ ಚೆಂದದ ಮಾತು ಮನಸ್ಸಿನಲ್ಲಿ ಜೋಡಿಸಿಟ್ಟಿದ್ದೆ, ಬಂದದ್ದು ಅದೊಂದೇ. ಆಮೇಲೆ ಸುಮ್ಮನೆ ಹೋಗತೊಡಗಿದೆ. ಅವಳಿಗೆ ಹಿಂದೆ ಒಮ್ಮೆ ಮದುವೆಯಾಗಿತ್ತು, ಅದು ಮುರಿದುಬಿದ್ದಿತ್ತು. ಅದನ್ನು ಅವಳು ಎರಡೇ ಮಾತಿನಲ್ಲಿ ಹೇಳಿದಳು, ನಾನು ಮೂರನೆಯದನ್ನು ಕೇಳಲಿಲ್ಲ.

ಮದುವೆಯ ಮಾತಾಡಲು ಹೋದವಳು ಅಕ್ಕ. ತಮ್ಮನ ಗುಣಗಾನ ಮಾಡಬೇಕೆಂದು ಹೋದವಳಿಗೆ ಡ್ರೈವರಣ್ಣನ ಎದುರು ಕೂತಾಗ ಹೇಳಿಕೊಳ್ಳುವಂಥದ್ದು ಥಟ್ಟನೆ ಏನೂ ಸಿಗಲಿಲ್ಲವಂತೆ. ಒಳ್ಳೆಯವನು, ಆದರೆ ಸ್ವಲ್ಪ ಪುಕ್ಕಲ ಎಂದುಬಿಟ್ಟಳಂತೆ.

"ಅದು ನಂಗೆ ಗೊತ್ತಮ್ಮ," ಎಂದರಂತೆ ಅವರು. "ಆದ್ರೆ ಕೈ ಬಿಡೋ ಪೈಕಿ ಅಲ್ಲ. ಅವತ್ತು ನನ್ನ ಕೈ ಬಿಡಿಸ್ಕೊಳ್ಳೋದು ನಂಗೇ ಕಷ್ಟ ಆಯ್ತು."

ಮದುವೆ ಸರಳವಾಗಿ ಆಯಿತು. ಮಾವನವರನ್ನು ಒಬ್ಬರನ್ನೇ ಬಿಡುವ ಹಾಗಿಲ್ಲದ್ದರಿಂದ ನಾನೇ ಆ ಮನೆಗೆ ಹೋದೆ. ಮನೆಯಳಿಯ ಎಂದು ಭಾವ ಇನ್ನೊಂದು ಬಿರುದು ಕೊಟ್ಟರು. ದಿನಕ್ಕೆ ಅದೆಷ್ಟು ಸಲ ಆ ಮೆಟ್ಟಿಲು ಹತ್ತಿ ಇಳಿಯುತ್ತೇನೋ, ಪ್ರತಿ ಸಲವೂ ನನ್ನ ರೇಲಿಂಗನ್ನೇ ಹಿಡಿದುಕೊಂಡು, ಗೋಡೆಯನ್ನೂ ಇನ್ನೊಂದು ಕೈಯಿಂದ ಮುಟ್ಟಿಕೊಂಡು ಹೋಗುತ್ತೇನೆ. ಮಾವನವರಿಗೆ ಈಗ ಬೆಳಕೂ ನೆರಳೂ ಒಂದೇ ಆಗಿದೆ. ಆದರೂ ಅವರು ನನಗಿಂತ ಬೇಗ ಮೇಲೆ ತಲುಪಿ, ಯಾಕಪ್ಪಾ ತಡ ಎಂದು ಕೇಳುತ್ತಾರೆ.

ಕಷ್ಟದ ಜಾಗ ತಾರಸಿ. ದೊಡ್ಡ ಬಟ್ಟೆಗಳನ್ನು ಅಲ್ಲಿ ಒಣಹಾಕುತ್ತಾರೆ. ಸುತ್ತಲೂ ಎದೆಮಟ್ಟದ ಗೋಡೆ ಇದೆ, ಅದನ್ನು ಒಂದು ಸಾಲು ಎತ್ತರಿಸಿದ್ದು ನನ್ನದೇ ಹಟ. ಆದರೂ ನಾನು ಅದರ ಹತ್ತಿರ ಹೋಗುವುದಿಲ್ಲ. ಮೊನ್ನೆ ಮೋಡ ಕವಿಯಿತು, ಕೆಲಸದವರು ಯಾರೂ ಇರಲಿಲ್ಲ. ಹೆಂಡತಿ ಕರೆದಳು. ತಾರಸಿಯ ಬಾಗಿಲು ದಾಟಿ, ನೀರಿನ ತೊಟ್ಟಿಗೆ ಒಂದು ಕೈ ತಾಗಿಸಿಕೊಂಡು ನಿಂತೆ. ಅವಳು ದೊಡ್ಡದೊಂದು ಬೆಡ್‌ಶೀಟಿನ ಎರಡು ತುದಿ ನನ್ನ ಇನ್ನೊಂದು ಕೈಗೆ ಕೊಟ್ಟು, ಮಡಿಸಲೆಂದು ಆಚೆ ತುದಿ ಹಿಡಿದು ದೂರ ಹೋದಳು. ಗಾಳಿ ಬೀಸುತ್ತಿತ್ತು. ಬಟ್ಟೆ ಹಾಯಿಯಂತೆ ಉಬ್ಬಿತು.

"ಒಂದು ಹೆಜ್ಜೆ ಹಿಂದೆ ಹೋಗಿ, ಜೋತು ಬೀಳ್ತಿದೆ," ಎಂದಳು.

ನಾನು ತೊಟ್ಟಿಯಿಂದ ಕೈ ತೆಗೆದು ಒಂದು ಹೆಜ್ಜೆ ಹಿಂದಕ್ಕಿಟ್ಟೆ.

"ಇನ್ನೊಂದು."

ಅದು ನನ್ನಿಂದ ಆಗುವುದಿಲ್ಲವೆಂದು ನನ್ನ ಮುಖವೇ ಹೇಳಿರಬೇಕು. ಅವಳು ಮತ್ತೆ ಕೇಳಲಿಲ್ಲ. ತಾನೇ ಆಚೆ ಹಿಂದಕ್ಕೆ ಸರಿದು ಬಟ್ಟೆ ಬಿಗಿ ಮಾಡಿದಳು. ಆಮೇಲೆ ಮಡಿಸುತ್ತಾ ಮಡಿಸುತ್ತಾ ನನ್ನ ಹತ್ತಿರ ನಡೆದು ಬಂದಳು. ಅವಳ ಕೈಯಿಂದ ನನ್ನ ಕೈಗೆ ತುದಿ ಬರುವಷ್ಟರಲ್ಲಿ ಮಳೆಯ ಮೊದಲ ಹನಿ ಬಿತ್ತು. ನಾನು ಬೆಚ್ಚಿ ನನ್ನ ಕಡೆಯ ತುದಿಯನ್ನು ಬಿಟ್ಟುಬಿಟ್ಟೆ. ಬೆಡ್‌ಶೀಟಿನ ಅರ್ಧ ತಾರಸಿಯ ಧೂಳಿಗೆ ಬಿತ್ತು.

ಅದು ಗಿರಾಕಿಯ ಬೆಡ್‌ಶೀಟು. ನಾನೇ ಒಗೆದೆ.